ಮಗ್ಗಿ ಮೊದಲು ಎನ್ನುವವರಿಗೆ

‘ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ, ಕಾಗುಣಿತ ಸಾಕು, ಕಂಪ್ಯೂಟರ್ ಪಾಠ ಹೈಸ್ಕೂಲಿಗಿರಲಿ’ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಮೊಬೈಲ್ ಹೈಸ್ಕೂಲಿನ ತನಕ ಕಾಯುತ್ತದೆಯೇ? 2020ರಲ್ಲಿ ಶಾಲೆ ಮುಚ್ಚಿದಾಗ ಎರಡನೇ ತರಗತಿಯ ಮಗುವಿನ ಕೈಗೂ ಅದನ್ನು ಕೊಟ್ಟವರು ದೊಡ್ಡವರೇ. ಮಗು ಆಟವಾಡುವ ಫೋನಿಗೇ ಅಪ್ಪನ ಒಟಿಪಿ ಬರುತ್ತದೆ, ಯುಪಿಐ ಇರುವುದೂ ಅದರಲ್ಲೇ. ಆಟದ ನಡುವೆ ಚಾಟ್‌ನಲ್ಲಿ ಯಾರೋ ‘ಫೋಟೋ ಕಳಿಸು, ಅಮ್ಮನಿಗೆ ಹೇಳಬೇಡ’ ಎಂದರೆ ಏನು ಮಾಡಬೇಕೆಂದು ಆ ಮಗುವಿಗೆ ಯಾರು ಹೇಳಿಕೊಟ್ಟಿದ್ದಾರೆ? ಹಾಗೆ ವಾದಿಸುವವರು ಈ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ.

ಇಂಗ್ಲೆಂಡಿನಲ್ಲಿ 2014ರಿಂದ ಐದು ವರ್ಷದ ಮಕ್ಕಳಿಗೇ ಕಂಪ್ಯೂಟಿಂಗ್ ಪಠ್ಯಕ್ರಮವಿದೆ. ಸ್ವಂತ ವಿವರ ಹೊರಗೆ ಬಿಡದಿರುವುದು, ಕಳವಳವಾದರೆ ಯಾರ ಬಳಿ ಹೋಗಬೇಕೆಂಬುದು ಅಲ್ಲಿ ಮೊದಲ ಹಂತದಲ್ಲೇ ಸೇರಿದೆ.

ಲ್ಯಾಬ್ ಇಲ್ಲ, ಕರೆಂಟ್ ಇಲ್ಲ ಎಂಬುದು ನಿಜವಾದ ಕಷ್ಟ, ಒಪ್ಪುತ್ತೇನೆ. ಆದರೆ ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಸಂಗಡಿಗರ ‘ಕಂಪ್ಯೂಟರ್ ಸೈನ್ಸ್ ಅನ್‌ಪ್ಲಗ್ಡ್’ ಪಾಠಗಳಿಗೆ ಯಂತ್ರವೇ ಬೇಡ. 1, 2, 4, 8, 16 ಚುಕ್ಕಿಗಳ ರಟ್ಟಿನ ಕಾರ್ಡು ತಿರುಗಿಸುತ್ತಲೇ ಮಕ್ಕಳು ಬೈನರಿ ಕಲಿಯುತ್ತಾರೆ. (ಲೆಕ್ಕವೂ ಅದರೊಳಗೇ ಬಂತಲ್ಲ!)

ಮೂರನೇ ತರಗತಿಯಿಂದ ವಾರಕ್ಕೊಂದು ಪೀರಿಯಡ್ ಕೊಡಿ, ಶಿಕ್ಷಕರಿಗೆ ಮೊದಲು ತರಬೇತಿ ಕೊಡಿ. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930: ಈ ಎರಡು ಸಂಖ್ಯೆಗಳನ್ನು ಮಗ್ಗಿಯ ಜೊತೆಗೇ ಬಾಯಿಪಾಠ ಮಾಡಿಸಿ.