ಕೌಲು ಬರೆದು ಒಂದಾದ ಸಭೆ

ಬಳ್ಳಾರಿಯ ಕೌಲ್ ಬಜಾರ್ ದಂಡಿನ ಮಗ್ಗುಲಲ್ಲಿ ಬೆಳೆದ ಬಡಾವಣೆ. ಕೌಲು ಎಂದರೆ ಕರಾರು. ಕಂದಾಯ ಇಲಾಖೆಯ ಹಳೆಯ ಕಡತಗಳನ್ನು ತಿರುವಿದವರಿಗೆ ಚಿರಪರಿಚಿತ ಶಬ್ದ. ಕಂಪನಿ ಆಳ್ವಿಕೆಯಲ್ಲಿ ಈ ಊರಿನ ಪ್ರೊಟೆಸ್ಟಂಟರು ಒಂದೇ ಸಭೆಯವರಾಗಿರಲಿಲ್ಲ. ದಂಡಿನ ಆಂಗ್ಲಿಕನ್ ಸಭೆ ಬಿಷಪರ ಅಧಿಕಾರಕ್ಕೆ ಒಳಪಟ್ಟಿತ್ತು. 1810ರಲ್ಲಿ ಇಲ್ಲಿಗೆ ಬಂದು, ಮುಂದೆ ಬೈಬಲ್ಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಅವರ ಲಂಡನ್ ಮಿಷನ್ ಬಹುಮಟ್ಟಿಗೆ ಬಿಷಪರನ್ನೇ ಒಪ್ಪದ ಕಾಂಗ್ರಿಗೇಷನಲ್ ಪರಂಪರೆಯದು.

ಮಿಷನ್‌ಗಳು ತಮ್ಮತಮ್ಮಲ್ಲಿ ಸೀಮೆ ಹಂಚಿಕೊಂಡಿದ್ದವು. ಹೀಗಾಗಿ ಬಳ್ಳಾರಿಯ ವಿಶ್ವಾಸಿ ಕಾಂಗ್ರಿಗೇಷನಲ್, ತುಮಕೂರಿನವನು ವೆಸ್ಲಿಯನ್, ಧಾರವಾಡದವನು ಬಾಸೆಲ್ ಮಿಷನ್ನಿನವನು. ದೇವಶಾಸ್ತ್ರಕ್ಕಿಂತ ಜಿಲ್ಲೆಯ ನಕ್ಷೆಯೇ ಇದನ್ನು ನಿರ್ಧರಿಸಿತ್ತು. ಈ ಒಡಕು ನಾವು ಮಾಡಿದ್ದಲ್ಲ ಎಂದು 1919ರಲ್ಲಿ ತರಂಗಂಬಾಡಿಯಲ್ಲಿ ವೇದನಾಯಗಂ ಅಜರಯ್ಯ ಮತ್ತು ಇತರರು ಸಾರಿದರು. ಅಲ್ಲಿದ್ದವರಲ್ಲಿ ಬಹುಪಾಲು ಭಾರತೀಯರೇ.

ಅಲ್ಲಿಂದ 28 ವರ್ಷ ಮಾತುಕತೆ ನಡೆಯಿತು. ಕಗ್ಗಂಟಾದದ್ದು ಬಿಷಪ್ ಪದವಿ. ಕೊನೆಗೆ ಬಿಷಪರು ಉಳಿದರು, ಆದರೆ ಸಂವಿಧಾನಕ್ಕೆ ಬದ್ಧರಾಗಿ. ಇತರ ಪರಂಪರೆಯ ಸಭಾಪಾಲಕರಿಗೆ ಎರಡನೆಯ ದೀಕ್ಷೆಯ ಅವಮಾನ ತಪ್ಪಿತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಪ್ರೆಸ್ಬಿಟೇರಿಯನ್ ಲೆಸ್ಲಿ ನ್ಯೂಬಿಗಿನ್ ಮಧುರೆಯ ಬಿಷಪರಾದರು. ನೆರೆಯ ನಂದ್ಯಾಲದ ಆಂಗ್ಲಿಕನ್ನರಲ್ಲಿ ಅನೇಕರು ಒಪ್ಪದೆ ದಶಕಗಳ ಕಾಲ ಹೊರಗುಳಿದರು. ಯಾರನ್ನೂ ಬಲವಂತದಿಂದ ಎಳೆದು ತರಲಿಲ್ಲವೆಂಬುದೇ ಆ ಕೌಲಿನ ಹಿರಿಮೆ.

ಇಂದು ಪಟ್ಟಣಗಳಲ್ಲಿ ಹೊಸ ಪ್ರಾರ್ಥನಾಲಯಗಳು ಹೆಚ್ಚುತ್ತಿವೆ. ತಮ್ಮದೇ ಅಪೊಸ್ತಲರ ಕಾಲದ ಸಭೆ ಎಂಬುದು ಹಲವರ ವಾದ. ಅವರ ಶ್ರದ್ಧೆಯನ್ನು ಹಗುರಾಗಿ ಕಾಣಲಾಗದು. ಆದರೆ ಆದಿ ಸಭೆಗೆ ಮರಳುವೆವೆಂದು ನೆರೆಯವರಿಂದ ಬೇರ್ಪಟ್ಟರೆ ದೊರೆಯುವುದು ಮತ್ತೊಂದು ನಾಮಫಲಕವಷ್ಟೆ. ದಕ್ಷಿಣ ಭಾರತ ಸಭೆ ಬೇರೊಂದು ದಾರಿ ಹಿಡಿಯಿತು. 1950ರ ಅದರ ಕರ್ತನ ಭೋಜನದ ಕ್ರಮದಲ್ಲಿ ಪ್ರಾಚೀನ ಸಭೆಯ ಸಮಾಧಾನದ ವಂದನೆ ಮರಳಿ ಬಂತು. ಪೀಠದ ಬಳಿಯಿಂದ ಹೊರಟ ವಂದನೆಯನ್ನು ಪ್ರತಿಯೊಬ್ಬರೂ ಪಕ್ಕದವರ ಕೈ ಹಿಡಿದು ದಾಟಿಸಬೇಕು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಉಳಿದುಬಂದಿದ್ದ ಪದ್ಧತಿಯಿದು. ಮುಟ್ಟುವುದೇ ಮೈಲಿಗೆಯೆನ್ನುವ ನಾಡಿನಲ್ಲಿ, ಪಕ್ಕದಲ್ಲಿ ಕುಳಿತವನ ಜಾತಿ ಕೇಳದೆ ಕೈ ನೀಡುವುದು ಬರಿಯ ವಿಧಿಯಲ್ಲ. ಆದರೂ ಜಾತಿ ಚರ್ಚಿನ ಬಾಗಿಲಲ್ಲೇ ನಿಲ್ಲಲಿಲ್ಲವೆಂಬುದು ಒಳಗಿನವರಿಗೇ ಗೊತ್ತಿರುವ ಸಂಗತಿ.

ಆ ಕೌಲು ಈಗ ಸಡಿಲಗೊಂಡಿದೆ. ಮಿಷನ್ ಬಿಟ್ಟುಹೋದ ನಿವೇಶನಗಳ ಬೆಲೆ ಏರಿದಂತೆ ಸಭೆಯ ಹುದ್ದೆಗಳಿಗೂ ಬೆಲೆ ಬಂದಿದೆ. ಅರ್ಥಶಾಸ್ತ್ರ ಓದಿದವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಇತ್ತೀಚಿನ ವರ್ಷಗಳಲ್ಲಿ ಉನ್ನತ ಪದಾಧಿಕಾರಿಗಳ ಚುನಾವಣೆಯ ತಕರಾರು ಹೈಕೋರ್ಟಿನ ಮೆಟ್ಟಿಲೇರಿದೆ. ಉತ್ತರ ಭಾರತ ಸಭೆ ಮತ್ತು ಮಾರ್ ತೋಮಾ ಸಭೆಯೊಡನೆ 1978ರಲ್ಲಿ ಜಂಟಿ ಮಂಡಳಿ ರಚನೆಯಾದರೂ ಮೂರೂ ಇನ್ನೂ ಬೇರೆ ಬೇರೆಯೇ ಇವೆ. ಪ್ರತಿ ಸಭೆಯ ಆಸ್ತಿ ಮತ್ತು ಬಾಡಿಗೆಯ ಪರಿಶೋಧಿತ ಲೆಕ್ಕವನ್ನು ಆರಾಧನೆಗೆ ಬರುವವರ ಮುಂದೆ ವರ್ಷಕ್ಕೊಮ್ಮೆ ಓದಿ ಹೇಳಲಿ. ಹೊಸ ಪ್ರಾರ್ಥನಾಲಯದವರನ್ನು ಮಾತುಕತೆಗೆ ಕರೆಯುವುದು ಆಮೇಲೆ.