ಉಪ್ಪಿನ ಲೆಕ್ಕ ಕೇಳುವವರ ಲೆಕ್ಕ

2023ರ ಕೊನೆಯಲ್ಲಿ, ಮಳೆ ಪೂರ್ತಿ ಬಿಟ್ಟು ಕಾಫಿ ಹಣ್ಣಾಗುವ ಹೊತ್ತಿನಲ್ಲಿ, ನಮ್ಮ ಮನೆಗೆ ಕೇಂದ್ರ ಸರ್ಕಾರದ ಅಂಕಿಅಂಶದ ಹುಡುಗನೊಬ್ಬ ಬಂದ. ಕೈಯಲ್ಲಿ ಪುಸ್ತಕವಿಲ್ಲ, ಸ್ಲೇಟಿನಂಥ ಒಂದು ಟ್ಯಾಬ್. ಕುಟುಂಬಗಳ ಖರ್ಚಿನ ಸಮೀಕ್ಷೆಯಂತೆ. ಒಂದು ಸಲ ಬಂದರೆ ಮುಗಿಯುವುದಿಲ್ಲ, ಮೂರು ತಿಂಗಳಲ್ಲಿ ಮೂರು ಸಲ ಬರುತ್ತಾನಂತೆ. ಒಂದು ಸಲ ಊಟತಿಂಡಿಯ ಲೆಕ್ಕ, ಇನ್ನೊಂದು ಸಲ ಸೋಪು, ಕರೆಂಟು, ಬಸ್ಸು, ಆಸ್ಪತ್ರೆ, ಮತ್ತೊಂದು ಸಲ ಬಟ್ಟೆ, ಪಾತ್ರೆ, ಟಿ.ವಿ. ಒಟ್ಟು ನಾನೂರಕ್ಕೂ ಹೆಚ್ಚು ಬಾಬತ್ತು!

ನಾನು ಶಾಲೆಯಿಂದ ಬಂದು ಕಾಫಿಗೆ ನೀರಿಟ್ಟಿದ್ದೆ. ಅವನು ಉಪ್ಪಿನಿಂದ ಹಿಡಿದು ಕೇಳುತ್ತ ಹೋದ. ಉಪ್ಪು ಎಷ್ಟು? ಮೆಣಸಿನಕಾಯಿ ಎಷ್ಟು? ತೆಂಗಿನೆಣ್ಣೆ ತಲೆಗೆಷ್ಟು, ಅಡಿಗೆಗೆಷ್ಟು? ಕಾಫಿಪುಡಿಯ ಹತ್ತಿರ ಬಂದಾಗ ನಮ್ಮತ್ತೆ ನಕ್ಕುಬಿಟ್ಟರು. "ಕೊಡಗಿನಲ್ಲಿ ಕಾಫಿಪುಡಿ ಕೊಳ್ಳುವುದುಂಟಾ ಮಗಾ? ಹಿತ್ತಲಲ್ಲೇ ಉಂಟಲ್ಲ."

"ಮನೆಯಲ್ಲಿ ಬೆಳೆದದ್ದಾದರೂ ಅದಕ್ಕೊಂದು ಬೆಲೆ ಕಟ್ಟಿ ಬರೆಯಬೇಕು ಅಜ್ಜಿ" ಎಂದ ಹುಡುಗ.

ಅತ್ತೆಗೆ ಇದು ಬಹಳ ಹಿಡಿಸಿತು. ಐವತ್ತು ವರ್ಷ ಹಿತ್ತಲಲ್ಲಿ ಕೆಲಸ ಮಾಡಿದ್ದಕ್ಕೆ ಸರ್ಕಾರ ಮೊದಲ ಸಲ ಬೆಲೆ ಕಟ್ಟಿತು ಅಂತ. ಆಮೇಲೆ ಬೆಳ್ಳುಳ್ಳಿ, ಕಾಚಂಪುಳಿ, ಹಂದಿಮಾಂಸ, ನನ್ನ ಸೀರೆಯ ಫಾಲ್ ಹೊಲಿಸಿದ್ದು, ಎಲ್ಲವನ್ನೂ ಒಪ್ಪಿಸಿದೆವು. ನಮ್ಮವರ ಒಂದು ಖರ್ಚನ್ನು ಮಾತ್ರ ಅತ್ತೆ ಕಣ್ಸನ್ನೆ ಮಾಡಿ ಅರ್ಧಕ್ಕೆ ಇಳಿಸಿದರು. ಅದು ಯಾವುದೆಂದು ಕೊಡಗಿನ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯ ಸಲ ಅವನು ಹೊರಟು ನಿಂತಾಗ ಕೇಳಿದೆ: "ತಮ್ಮಾ, ನಮ್ಮ ಮನೆ ಏನು ಕೊಂಡಿತು, ಎಷ್ಟಕ್ಕೆ ಕೊಂಡಿತು ಎಂದು ಮೂರು ದಿನ ಬರೆದುಕೊಂಡೆಯಲ್ಲ. ನಿಮ್ಮ ಇಲಾಖೆ ಈ ವರ್ಷ ಏನೇನು ಕೊಂಡಿತು, ಎಷ್ಟಕ್ಕೆ ಕೊಂಡಿತು?"

ಅವನು ತಮಾಷೆ ಎಂದುಕೊಂಡ. "ಅದೆಲ್ಲ ಮೇಲಿನವರಿಗೆ ಗೊತ್ತು ಮೇಡಂ" ಎಂದು ಚಪ್ಪಲಿ ಮೆಟ್ಟಿಕೊಂಡ.

ತಮಾಷೆಗೆ ಕೇಳಿದ್ದಲ್ಲ. ನಾನೂ ಆ ಹುಡುಗನ ಜಾಗದಲ್ಲಿ ನಿಂತವಳು. 2001ರ ಜನಗಣತಿಗೂ 2011ರ ಜನಗಣತಿಗೂ ಮನೆಮನೆ ಸುತ್ತಿದ್ದೇನೆ. ಪೇಟೆಯ ಬೀದಿಯಲ್ಲಿ ಎಣಿಸುವುದು ಬೇರೆ, ತೋಟದ ಲೈನ್ ಮನೆಗಳಲ್ಲಿ ಎಣಿಸುವುದು ಬೇರೆ. ಬೆಳಿಗ್ಗೆ ಏಳಕ್ಕೇ ಎಲ್ಲರೂ ಕೆಲಸಕ್ಕೆ ಹೋಗಿರುತ್ತಾರೆ, ಸಂಜೆ ಕತ್ತಲಾದ ಮೇಲೆ ಹೋಗಬೇಕು. ಆನೆ ದಾಟುವ ದಾರಿ. ಜೊತೆಗೆ ನಮ್ಮವರೋ ಮೈದುನನೋ ಟಾರ್ಚು ಹಿಡಿದು ಬರಬೇಕು. ಆ ಟಾರ್ಚಿನ ಸೆಲ್ಲಿನ ದುಡ್ಡು ಯಾವ ಲೆಕ್ಕದಲ್ಲೂ ಇಲ್ಲ. ಒಬ್ಬಳು ಮುದುಕಿಯ ವಯಸ್ಸು ಗೊತ್ತಾಗಬೇಕಾದರೆ ಯಾವ ಮಳೆಗೆ ಯಾವ ಸೇತುವೆ ಕೊಚ್ಚಿಹೋದಾಗ ಅವಳಿಗೆ ಮದುವೆಯಾಗಿತ್ತು ಎಂದು ವಿಚಾರಿಸುತ್ತ ಕೂರಬೇಕು. ಹೀಗೆ ಎಣಿಸಿದ ಮೇಲೆ 2011ರಲ್ಲಿ ಕೊಡಗಿನ ಜನ 5,54,519 ಎಂದೂ ಸಾವಿರ ಗಂಡಸರಿಗೆ 1,019 ಹೆಂಗಸರೆಂದೂ ಗೊತ್ತಾಯಿತು. ಭಾಷಣ ಮಾಡುವವರೆಲ್ಲ ಈ 1,019ನ್ನು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅದರೊಳಗೆ ನನ್ನ ಕಾಲಿಗೆ ಹತ್ತಿದ ಜಿಗಣೆಗಳೂ ಇವೆ!

ಒಂದು ಗಣತಿಯಲ್ಲಿ, ಯಾವುದೆಂದು ಹೇಳುವುದಿಲ್ಲ, ನಮಗೆ ಕೊಟ್ಟ ಚೀಲದ ಜಿಪ್ಪು ಎರಡನೆಯ ದಿನಕ್ಕೇ ಕಿತ್ತುಹೋಯಿತು. ಸೇಫ್ಟಿ ಪಿನ್ನು ಹಾಕಿಕೊಂಡು ತಿರುಗಿದೆ. ಆ ಚೀಲಕ್ಕೆ ಎಷ್ಟು ಕೊಟ್ಟಿರಬಹುದು, ಯಾರಿಂದ ಕೊಂಡಿರಬಹುದು ಎಂಬ ಕುತೂಹಲ ಅಂದಿನಿಂದ ಹೋಗಿಲ್ಲ. ಗೌರವಧನವೂ ತಡವಾಗಿ ಬಂತು. ತಡವಾದದ್ದಕ್ಕಿಂತ ಹೆಚ್ಚು ಬೇಸರವಾದದ್ದು, ಯಾಕೆ ತಡ, ಹಣ ಎಲ್ಲಿ ನಿಂತಿದೆ ಎಂದು ಹೇಳಬಲ್ಲ ಒಂದು ಹಾಳೆಯೂ ಎಲ್ಲೂ ಇರಲಿಲ್ಲವಲ್ಲ ಎಂದು.

ಈಗ ಮೇಲಿನವರ ಲೆಕ್ಕಕ್ಕೆ ಬರೋಣ. ಲೆಕ್ಕವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಇದೆ, ಕೇಂದ್ರದ ಬಜೆಟ್ ಪುಸ್ತಕಗಳಲ್ಲಿ, ಹಿಂದಿ ಮತ್ತು ಇಂಗ್ಲಿಷಿನಲ್ಲಿ. 2025ರ ಫೆಬ್ರವರಿಯ ಬಜೆಟ್ಟಿನಲ್ಲಿ ಜನಗಣತಿ ಮತ್ತು ಅದಕ್ಕೆ ಸೇರಿದ ಕೆಲಸಗಳಿಗೆ ₹574.80 ಕೋಟಿ ಎಂದು ಬರೆದಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಸಚಿವ ಸಂಪುಟ 2027ರ ಜನಗಣತಿಗೆ ₹11,718.24 ಕೋಟಿ ಒಪ್ಪಿತು. ಅದಕ್ಕೂ ಮೊದಲು, 2019ರ ಡಿಸೆಂಬರಿನಲ್ಲಿ, 2021ರ ಜನಗಣತಿಗೆಂದು ₹8,754.23 ಕೋಟಿ ಒಪ್ಪಿದ್ದರು. ಆ ಗಣತಿ ನಡೆಯಲೇ ಇಲ್ಲ. ಕೊರೋನಾ ಬಂತು, ಸರಿ, ಅದು ಯಾರ ತಪ್ಪೂ ಅಲ್ಲ. ಆದರೆ ತಯಾರಿಗೆಂದು ಆಗಲೇ ಎಷ್ಟು ಖರ್ಚಾಯಿತು, ಕೊಂಡದ್ದರಲ್ಲಿ ಯಾವುದು ಈಗಲೂ ಉಪಯೋಗಕ್ಕೆ ಬರುತ್ತದೆ, ಯಾವುದು ಗೆದ್ದಲಿಗೆ ಹೋಯಿತು? ಮದುವೆ ಮುಂದೆ ಹೋದರೆ ತಂದಿಟ್ಟ ಅಕ್ಕಿ ಏನಾಯಿತು ಎಂದು ಮನೆಯ ಹೆಂಗಸರು ಕೇಳುವುದಿಲ್ಲವೇ?

ಇನ್ನು ಅಂಕಿಅಂಶ ಸಚಿವಾಲಯದ್ದು ಇದಕ್ಕಿಂತ ವಿಚಿತ್ರ. ಇದರ ಪೂರ್ಣ ಹೆಸರು ಅಂಕಿಅಂಶ ಮತ್ತು ಕಾರ್ಯಕ್ರಮ ಅನುಷ್ಠಾನ ಸಚಿವಾಲಯ. ಲೋಕಸಭೆ, ರಾಜ್ಯಸಭೆಯ ಸದಸ್ಯರಿಗೆ ಅವರವರ ಕ್ಷೇತ್ರದ ಕೆಲಸಕ್ಕೆಂದು ವರ್ಷಕ್ಕೆ ತಲಾ 5 ಕೋಟಿ ಕೊಡುತ್ತಾರಲ್ಲ, ಆ ಸಂಸದರ ನಿಧಿ ಬರುವುದು ಇದೇ ಸಚಿವಾಲಯದ ಪುಟದಲ್ಲಿ. ನನ್ನ ಏಳನೆಯ ತರಗತಿಯ ಹುಡುಗಿಯರಿಗೆ ಲೆಕ್ಕ ಕೊಟ್ಟೆ: ಎರಡೂ ಸದನ ಸೇರಿ ಸುಮಾರು 790 ಮಂದಿ, ತಲೆಗೆ 5 ಕೋಟಿ. "3,950 ಕೋಟಿ ಟೀಚರ್" ಎಂದರು. 2023-24ರಲ್ಲಿ ಸಚಿವಾಲಯಕ್ಕೆ ಸಿಕ್ಕ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಈ ನಿಧಿಗೇ. ಅಂದರೆ ಪುಟದ ಕೆಳಗಿನ ಮೊತ್ತ ನೋಡಿ ಅಬ್ಬಾ, ದೇಶವನ್ನು ಅಳೆಯಲು ಇಷ್ಟು ಖರ್ಚೇ ಎಂದುಕೊಂಡರೆ ತಪ್ಪು. ಬಸ್ ನಿಲ್ದಾಣದ ಸೂರು, ಸಮುದಾಯ ಭವನ, ರಸ್ತೆ ಮೋರಿಗಳ ದುಡ್ಡು ಕೂಡ ಅದರಲ್ಲಿ ಕೂತಿದೆ. ಪುಟದ ಒಳಗೆ ಬೇರೆ ಬೇರೆ ಸಾಲುಗಳುಂಟು, ಹುಡುಕಿದರೆ ಸಿಗುತ್ತದೆ. ಆದರೆ ರೇಷನ್ ದುಡ್ಡನ್ನೂ ನೆಂಟರ ಮದುವೆಯ ಮುಯ್ಯನ್ನೂ ಒಂದೇ ಡಬ್ಬಿಯಲ್ಲಿ ಹಾಕಿಟ್ಟು, ಬೇಕಾದರೆ ಬೇರ್ಪಡಿಸಿಕೊಳ್ಳಿ ಎನ್ನುವ ಯಜಮಾನಿಯನ್ನು ನಾವು ಅಚ್ಚುಕಟ್ಟಿನವಳೆಂದು ಕರೆಯುತ್ತೇವೆಯೇ? ಲೆಕ್ಕ ಹೇಗಿಡಬೇಕೆಂದು ದೇಶಕ್ಕೇ ಕಲಿಸಬೇಕಾದ ಇಲಾಖೆ ಇದು.

ಖರ್ಚಿನ ಸಮೀಕ್ಷೆಯ ಕಥೆಗೇ ಮರಳುತ್ತೇನೆ. ನಮ್ಮ ಮನೆಗೆ ಬಂದದ್ದಕ್ಕೆ ಮೊದಲು, 2017-18ರಲ್ಲೂ ಇಂಥದೇ ಸಮೀಕ್ಷೆ ನಡೆದಿತ್ತು. ದೇಶದುದ್ದಕ್ಕೂ ಹೆಂಗಸರು ಒಲೆ ಮೇಲಿನ ಸಾರು ಇಳಿಸಿ ಕೂತು ಹೀಗೇ ಉತ್ತರ ಕೊಟ್ಟಿದ್ದರು. 2019ರ ನವೆಂಬರಿನಲ್ಲಿ ಸಚಿವಾಲಯ, ಅಂಕಿಗಳ ಗುಣಮಟ್ಟ ಸರಿಯಿಲ್ಲ, ಪ್ರಕಟಿಸುವುದಿಲ್ಲ ಎಂದುಬಿಟ್ಟಿತು. ಖರ್ಚು ಇಳಿದದ್ದು ಕಾಣುತ್ತದೆಂದು ಮುಚ್ಚಿಟ್ಟರು ಎಂದು ವಿರೋಧಿಗಳು ಹೇಳಿದರು. ಆ ಜಗಳಕ್ಕೆ ನಾನು ಹೋಗುವುದಿಲ್ಲ. ನನ್ನದು ಸಣ್ಣ ಪ್ರಶ್ನೆ. ಮಾಡಿದ ಅಡಿಗೆ ಹಳಸಿತೆಂದೇ ಇಟ್ಟುಕೊಳ್ಳೋಣ, ಚೆಲ್ಲಿದಿರಿ. ಸಾಮಾನಿಗೆ ಎಷ್ಟು ಬಿದ್ದಿತ್ತು? ಸೊಸೆ ಒಂದು ಪಾತ್ರೆ ಪಾಯಸ ಚೆಲ್ಲಿದರೆ ಹಾಲೆಷ್ಟು, ಬೆಲ್ಲವೆಷ್ಟು ಎಂದು ಮೂರು ದಿನ ಲೆಕ್ಕ ಕೇಳುವ ನಾಡು ನಮ್ಮದು. ದೇಶವಿಡೀ ಮಾಡಿದ ಒಂದು ಸಮೀಕ್ಷೆಯನ್ನು ಚೆಲ್ಲಿದವರನ್ನು ಹಾಗೆ ಕೇಳಬೇಡವೇ?

ಶುಲ್ಕದ ವಿಷಯ ನನ್ನ ಶಾಲೆಯ ಬಾಗಿಲಿಗೇ ಬರುತ್ತದೆ. ಕರ್ನಾಟಕದಲ್ಲಿ ಜನನ ಮರಣಗಳ ಮುಖ್ಯ ನೋಂದಣಾಧಿಕಾರಿ ಯಾರು ಗೊತ್ತೇ? ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯದ ನಿರ್ದೇಶಕರು. ಮಗುವಿನ ಜನನ ಪತ್ರಕ್ಕೆ ನಾವು ಕೊಡುವ ಶುಲ್ಕ ಹಾಗಾಗಿ ಅಂಕಿಅಂಶದ ಇಲಾಖೆಯ ಬಾಬತ್ತೇ. ಹುಟ್ಟಿದ 21 ದಿನದೊಳಗೆ ತಿಳಿಸಿದರೆ ಶುಲ್ಕವಿಲ್ಲ, ಮೊದಲ ಪತ್ರವೂ ಪುಕ್ಕಟೆ. ಆಮೇಲೆ ಬೇಕಾದ ಪ್ರತಿಗೆ ಹಿಂದೆ 5 ರೂಪಾಯಿ ಇದ್ದದ್ದು 2025ರಲ್ಲಿ 50 ಆಯಿತು. ಐವತ್ತು ದೊಡ್ಡ ಮೊತ್ತವಲ್ಲ ಎನ್ನುತ್ತೀರಿ. ಒಂದನೆಯ ತರಗತಿಗೆ ಮಗುವನ್ನು ಸೇರಿಸಲು ಬಂದ ಲೈನ್ ಮನೆಯ ತಾಯಿಯೊಬ್ಬಳು ಯಾರೋ ಮಧ್ಯವರ್ತಿಗೆ ಮುನ್ನೂರು ಕೊಟ್ಟು, ಎರಡು ದಿನದ ಕೂಲಿಯನ್ನೂ ಕಳೆದುಕೊಂಡಿದ್ದಳು. "ಸರ್ಕಾರದ ಫೀಜು ಅಂತ ಹೇಳಿದ ಟೀಚರೇ" ಎಂದಳು. ಅವಳಿಗೆ ದರ ಗೊತ್ತಿದ್ದರೆ ಅವನು ಮುನ್ನೂರು ಕೇಳುತ್ತಿದ್ದನೇ? ಹತ್ತು ಪಟ್ಟು ಏರಿಸಿದ ಮೇಲೆ ರಾಜ್ಯದಲ್ಲಿ ಒಟ್ಟು ಎಷ್ಟು ಸಂಗ್ರಹವಾಯಿತು, ಕೊಡಗಿನಿಂದ ಎಷ್ಟು, ಅದರಿಂದ ಯಾವ ಕೌಂಟರಿಗೆ ಒಂದು ಬೆಂಚು ಬಂತು? ಸರ್ಕಾರಕ್ಕೆ ಸಂದದ್ದೆಲ್ಲ ಸಂಚಿತ ನಿಧಿಗೆ ಹೋಗುತ್ತದೆ, ಇಲಾಖೆ ಇಟ್ಟುಕೊಳ್ಳುವುದಿಲ್ಲ ಎಂದು ಉತ್ತರ ಬರುತ್ತದೆ. ನಿಜ. ಹೊಳೆಗೆ ಸೇರಿದ ನೀರನ್ನು ಬೇರೆ ತೋರಿಸಲಾಗದು. ಹೊಳೆಗೆ ಸುರಿಯುವ ಮೊದಲು ಕೊಡ ಎಷ್ಟು ತುಂಬಿತ್ತೆಂದು ಹೇಳಬಹುದಲ್ಲ!

ಮೆಚ್ಚುವುದನ್ನು ಮೆಚ್ಚಬೇಕು. ಸಮೀಕ್ಷೆಗಳ ಕಚ್ಚಾ ಅಂಕಿಗಳನ್ನು ಹಿಂದೆ ಸಿ.ಡಿ.ಯಲ್ಲಿ ದುಡ್ಡಿಗೆ ಮಾರುತ್ತಿದ್ದರು, ಈಗ ಯಾರು ಬೇಕಾದರೂ ಅಂತರ್ಜಾಲದಿಂದ ಪುಕ್ಕಟೆ ಇಳಿಸಿಕೊಳ್ಳಬಹುದು. ನಮ್ಮ ಜಿಲ್ಲೆಯ 2011ರ ಜನಗಣತಿ ಕೈಪಿಡಿಯೂ ಹಾಗೇ ಸಿಗುತ್ತದೆ. ಇಂಗ್ಲಿಷಿನಲ್ಲಿ.

ಕೊಳ್ಳುವ ಬಗ್ಗೆ ಹೇಳುವುದಾದರೆ, ನಮ್ಮ ರಾಜ್ಯದಲ್ಲಿ 1999ರಿಂದಲೇ ಸಾರ್ವಜನಿಕ ಖರೀದಿಯ ಪಾರದರ್ಶಕತೆಗೆ ಕಾಯ್ದೆಯಿದೆ. ಅದೇ ಕಾಯ್ದೆಯ 4(ಜಿ) ಕಲಮು ಸರ್ಕಾರ ಬೇಕೆಂದಾಗ ಟೆಂಡರಿನಿಂದ ವಿನಾಯಿತಿ ಕೊಡಲು ಅವಕಾಶ ಕೊಡುತ್ತದೆ. ಬಾಗಿಲಿಗೆ ಬೀಗ, ಪಕ್ಕದಲ್ಲೇ ಕಿಟಕಿ. 2025ರ ಸೆಪ್ಟೆಂಬರ್ 22ರಿಂದ ದಸರಾ ರಜೆಯಲ್ಲಿ ನಡೆದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ₹420 ಕೋಟಿ ಅಂದಾಜು ಎಂದಿದ್ದರು. ಅದಕ್ಕೂ ಹಿಂದೆ 2015ರಲ್ಲಿ ಇನ್ನೊಂದು ಸಮೀಕ್ಷೆ ಮಾಡಿ, ಅದರ ವರದಿ 2024ರ ಫೆಬ್ರವರಿಯಲ್ಲಿ ಕೈಸೇರಿ, ಹಳತಾಯಿತೆಂದು ಮತ್ತೆ ಮಾಡಿದ್ದು ಇದು. ಎರಡಕ್ಕೂ ಮನೆಮನೆ ಹೋದವರು ಶಿಕ್ಷಕರೇ, ಅವರಲ್ಲಿ ನಮ್ಮಂಥ ಹೆಂಗಸರು ಎಷ್ಟೋ ಮಂದಿ. ಈಗ ಮತ್ತೆ ಜನಗಣತಿ. ಮನೆಪಟ್ಟಿ 2026ರ ಏಪ್ರಿಲಿನಿಂದ ಸೆಪ್ಟೆಂಬರಿನೊಳಗೆ, ತಲೆ ಎಣಿಕೆ 2027ರ ಫೆಬ್ರವರಿಯಲ್ಲಿ ಎಂದು ಪ್ರಕಟಿಸಿದ್ದಾರೆ, ಅದೂ ಮೊಬೈಲ್ ಆ್ಯಪಿನಲ್ಲಿ. ಮೊಬೈಲು ಯಾರದು, ಡೇಟಾ ಯಾರದು, ತೋಟದೊಳಗೆ ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿದ ಪೆಟ್ರೋಲು ಯಾರದು? ಇಲಾಖೆಯ ಖರೀದಿಪಟ್ಟಿಯಲ್ಲಿ ಬರೆಯದೆ ಬಿಟ್ಟದ್ದೆಲ್ಲ ಕೊನೆಗೆ ನಮ್ಮ ಮನೆಯ ಪಟ್ಟಿಗೆ ಬರುತ್ತದೆ.

ಕೆನಡಾದಲ್ಲಿರುವ ನನ್ನ ತಂಗಿಯ ಮಗಳು ಹೇಳಿದಳು, ಅಲ್ಲಿ 2017ರ ಸೇವಾಶುಲ್ಕ ಕಾಯ್ದೆಯ ಪ್ರಕಾರ ಸರ್ಕಾರದ ಇಲಾಖೆಗಳು ಯಾವ ಶುಲ್ಕದಿಂದ ಎಷ್ಟು ಬಂತೆಂದು ಪ್ರತಿವರ್ಷ ವರದಿ ಕೊಡಬೇಕಂತೆ. 10,000 ಡಾಲರ್ ಮೀರಿದ ಗುತ್ತಿಗೆಗಳನ್ನು ಯಾರಿಗೆ, ಎಷ್ಟಕ್ಕೆ ಎಂದು ತಾವಾಗಿಯೇ ಪ್ರಕಟಿಸಬೇಕು. ಅಂಕಿಅಂಶದ ಇಲಾಖೆಯೂ ಅದರಲ್ಲಿ ಸೇರಿದೆ. "ಓದುತ್ತಾರಾ ಜನ?" ಎಂದು ಕೇಳಿದೆ. "ಯಾರೂ ಓದಲ್ಲ ದೊಡ್ಡಮ್ಮ, ಆದರೆ ಯಾರಾದರೂ ಓದಬಹುದು ಅಂತ ಬರೆಯುವವರಿಗೆ ಭಯ ಇರುತ್ತೆ" ಎಂದಳು.

ಶಾಲೆಯಲ್ಲಿ ನನ್ನ ಸಹೋದ್ಯೋಗಿ ಮೇಷ್ಟ್ರು, "ಅಷ್ಟು ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಟೀಚರ್, ಹತ್ತೇ ರೂಪಾಯಿ" ಎಂದರು. ಹತ್ತೇ ರೂಪಾಯಿ, ಪುಟಕ್ಕೆ ಎರಡು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ಮೀರಬಾರದು. ನನ್ನ ಮನೆಗೆ ನಾನೂರು ಪ್ರಶ್ನೆ ತಂದವರಿಗೆ ಇಂಥ ಮಿತಿಯಿಲ್ಲ. ಜನಗಣತಿಯಲ್ಲಾದರೆ ಉತ್ತರ ಕೊಡುವುದು 1948ರ ಕಾಯ್ದೆಯಂತೆ ನಮ್ಮ ಕರ್ತವ್ಯ, ಒಲ್ಲೆನೆಂದರೆ ದಂಡ. ಅದೂ ಅಲ್ಲದೆ 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೆಯ ಕಲಮು ಹೇಳುವುದೇನು? ಜನ ಅರ್ಜಿ ಹಿಡಿದು ಬರುವ ಮುಂಚೆಯೇ ಬಜೆಟ್ಟು, ಖರ್ಚಿನ ವಿವರಗಳನ್ನು ಇಲಾಖೆ ತಾನಾಗಿ ಪ್ರಕಟಿಸಬೇಕು, ಸ್ಥಳೀಯ ಭಾಷೆಯನ್ನೂ ಗಮನದಲ್ಲಿಟ್ಟುಕೊಳ್ಳಬೇಕು ಎಂದಲ್ಲವೇ?

ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದಲ್ಲಿ ಹದಿನೆಂಟು ಜನ. ಏಳನೆಯ ತರಗತಿ ದಾಟಿದವರು ಆರು ಮಂದಿ. ಪ್ರತಿ ಸಭೆಯಲ್ಲಿ ಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಾರೆ: ಉಳಿತಾಯ ಇಷ್ಟು, ಬಡ್ಡಿ ಇಷ್ಟು, ದಂಡ ಇಷ್ಟು, ಜಮಖಾನೆ ಕೊಂಡದ್ದು ಇಂಥ ಅಂಗಡಿಯಲ್ಲಿ ಇಷ್ಟಕ್ಕೆ. ಒಂದು ಸಲ ಚಹಾಪುಡಿಯ ನಲವತ್ತು ರೂಪಾಯಿಗೆ ಚೀಟಿ ಇಲ್ಲದೆ ಅರ್ಧ ಗಂಟೆ ಗಲಾಟೆಯಾಯಿತು. ಕೊನೆಗೆ ತಂದವಳೇ ಅಂಗಡಿಗೆ ಓಡಿ ಚೀಟಿ ಬರೆಸಿಕೊಂಡು ಬಂದಳು.

ಅದೇ ಪುಸ್ತಕದ ಮಾದರಿಯಲ್ಲಿ ನಾನು ಒಂದು ಕಾಗದ ಬರೆದೆ. ಕೊಡಗಿನಲ್ಲಿ ನಡೆದ ಸಮೀಕ್ಷೆಗಳಿಗೆ ವರ್ಷಕ್ಕೆ ಎಷ್ಟು ಹಣ ಬಂತು, ಜನನ ಮರಣ ಪತ್ರಗಳ ಶುಲ್ಕ ಎಷ್ಟು ಸೇರಿತು, ಏನೇನು ಕೊಂಡಿರಿ, ಯಾರಿಂದ, ಎಣಿಸಿದವರಿಗೆ ಎಷ್ಟು ಕೊಟ್ಟಿರಿ, ಎಂದು ಕೊಟ್ಟಿರಿ? ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ತಾಲ್ಲೂಕು ಕಚೇರಿಯ ಗೋಡೆಗೆ ಅಂಟಿಸಿ ಎಂದು ಕೇಳಿದೆ. ಸಂಘದ ಹದಿನೆಂಟು ಜನರೂ ಸಹಿ ಹಾಕಿದರು. ಅತ್ತೆ ಹೆಬ್ಬೆಟ್ಟು ಒತ್ತಿದರು. ಯಾವ ಕಚೇರಿಗೆ ಕಳಿಸಿದೆನೆಂದು ಇಲ್ಲಿ ಬರೆಯುವುದಿಲ್ಲ, ಅವರಿಗೂ ಸಮಯ ಕೊಡಬೇಕಲ್ಲ. ಸ್ಪೀಡ್ ಪೋಸ್ಟಿನ ರಸೀದಿಯನ್ನು ಉಪ್ಪಿನ ಡಬ್ಬಿಯ ಪಕ್ಕದ ಮೊಳೆಗೆ ಸಿಕ್ಕಿಸಿಟ್ಟಿದ್ದೇನೆ. ಅಂಚೆಯವನು ಬಂದಾಗಲೆಲ್ಲ ಅತ್ತೆ ಜಗಲಿಯಿಂದಲೇ ಕೂಗಿ ಕೇಳುತ್ತಾರೆ, ಕಾಫಿಯವರದ್ದು ಏನಾದರೂ ಬಂತಾ ಅಂತ.