ತೋಳದ ಮೇಲೆ ನಾಯಿ ಬಿಟ್ಟರೆ ಕುರಿ ಉಳಿಯುವುದಿಲ್ಲ

ಸಂಪಾದಕರಿಗೆ,



ನಮ್ಮ ಔರಾದ, ಭಾಲ್ಕಿ ಕಡೆ ಕಾಡುಪ್ರಾಣಿಗಳ ಹಾವಳಿಯ ಮಾತು ಬಂದಾಗಲೆಲ್ಲ ಒಂದು ವಾದ ತಪ್ಪದೆ ಕೇಳಿಬರುತ್ತದೆ: ತೋಳ ಹೆಚ್ಚಾಗಿದೆ, ಇಲಾಖೆಯಿಂದ ಏನೂ ಆಗದು, ಪರವಾನಗಿ ಕೊಡಲಿ, ಬೇಟೆನಾಯಿ ಬಿಟ್ಟು ನಾವೇ ಸಂಖ್ಯೆ ತಗ್ಗಿಸುತ್ತೇವೆ. ಕುರಿ ಕಳೆದುಕೊಂಡವನ ಸಿಟ್ಟು ಸುಳ್ಳಲ್ಲ. ದಖ್ಖನ್ ಬಯಲಿನ ತೋಳದ ಹೊಟ್ಟೆ ಬಹುಮಟ್ಟಿಗೆ ತುಂಬುವುದು ಆಡು ಕುರಿಗಳಿಂದಲೇ. ತೋಳ ಬಡಪ್ರಾಣಿ, ಇಲಿ ಮೊಲ ತಿಂದುಕೊಂಡು ತನ್ನ ಪಾಡಿಗೆ ಇರುತ್ತದೆ ಎಂದು ಪಟ್ಟಣದಲ್ಲಿ ಕುಳಿತು ಬರೆಯುವವರನ್ನು ಯಾವ ಕುರಿಗಾಹಿಯೂ ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಆದರೆ ರೋಗ ನಿಜವಾದ ಮಾತ್ರಕ್ಕೆ ಹೇಳಿದ ಮದ್ದೆಲ್ಲ ಸರಿಯಾಗುವುದಿಲ್ಲ. ನಾಯಿ ಬಿಟ್ಟು ತೋಳ ಹೊಡೆದರೆ ಹಟ್ಟಿಗೆ ಆಗುವ ನಷ್ಟ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಹೆಚ್ಚಾದೀತು ಎಂದು ಅಂಜಲು ಕಾರಣಗಳಿವೆ.

ಈ ವಾದದ ಬೆಂಬಲಕ್ಕೆ ಅಮೆರಿಕದ ಕೂಗರ್ ಬೇಟೆಯನ್ನು ಎಳೆದು ತರುವುದುಂಟು. ಆ ಉದಾಹರಣೆಯನ್ನೇ ಬಿಡಿಸಿ ನೋಡೋಣ. ಕೂಗರ್ ಚಿರತೆಯಷ್ಟು ದೊಡ್ಡ ಬೆಕ್ಕು. ನಾಯಿಗಳ ಹಿಂಡು ಅಟ್ಟಿಸಿಕೊಂಡು ಬಂದರೆ ಮರ ಹತ್ತಿ ಕೂರುತ್ತದೆ. ಬೇಟೆಗಾರ ಕೆಳಗೆ ನಿಂತು ಇದು ಗಂಡೋ ಹೆಣ್ಣೋ, ಪ್ರಾಯದ್ದೋ ಮರಿಯೋ ಎಂದು ನೋಡಿ ತೀರ್ಮಾನಿಸಬಹುದು. ಬೇಡವೆಂದರೆ ಬಿಟ್ಟು ಹೋಗಬಹುದು. ನಾಯಿಬೇಟೆಯ ಪರವಾಗಿ ಅಲ್ಲಿಯವರು ಹೇಳುವ ಗಟ್ಟಿ ಮಾತು ಇದೇ. ತೋಳ ಮರ ಹತ್ತುವುದಿಲ್ಲ. ಬಟಾಬಯಲಿನಲ್ಲಿ ಮೈಲುಗಟ್ಟಲೆ ಓಡುತ್ತದೆ, ಇಲ್ಲವೇ ತಿರುಗಿ ನಿಂತು ನಾಯಿಯನ್ನೇ ಸಿಗಿಯುತ್ತದೆ. ಸ್ವೀಡನ್, ಫಿನ್ಲೆಂಡುಗಳಲ್ಲಿ ತೋಳದ ಬಾಯಿಗೆ ಸಿಕ್ಕು ಸಾಯುವ ಬೇಟೆನಾಯಿಗಳದೇ ಒಂದು ದೊಡ್ಡ ತಕರಾರು. ಹಾಗಾಗಿ ನಾಯಿ ಹಿಡಿದು ಕೊಲ್ಲುವುದು ಕುರಿ ತಿಂದ ತೋಳವನ್ನಲ್ಲ, ಓಡಲಾರದ್ದನ್ನು: ಮರಿಯನ್ನು, ಬಸುರಿ ಹೆಣ್ಣನ್ನು, ಮುದಿಯನ್ನು. ಅಮೆರಿಕದಲ್ಲೂ ಈ ವಿಷಯ ಇತ್ಯರ್ಥವಾಗಿಲ್ಲ ಎಂಬುದನ್ನು ಮರೆಯಬಾರದು. ಕ್ಯಾಲಿಫೋರ್ನಿಯಾ 1990ರಲ್ಲಿ ಕೂಗರ್ ಬೇಟೆಯನ್ನೇ ನಿಲ್ಲಿಸಿತು. 1994ರಲ್ಲಿ ಒರೆಗಾನ್, 1996ರಲ್ಲಿ ವಾಷಿಂಗ್ಟನ್ ರಾಜ್ಯದ ಮತದಾರರು ನಾಯಿಬೇಟೆಯನ್ನು ತಿರಸ್ಕರಿಸಿದರು. 2024ರಲ್ಲಿ ಕೊಲರಾಡೊ ಮತದಾರರು ಕೂಗರ್ ಬೇಟೆಯ ನಿಷೇಧವನ್ನು ಬೇಡವೆಂದರು.

ಆದರೆ ವಾಷಿಂಗ್ಟನ್ ರಾಜ್ಯದಲ್ಲಿ ಆಮೇಲೆ ನಡೆದದ್ದು ನಮಗೆ ಹೆಚ್ಚು ಉಪಯೋಗದ್ದು. ನಾಯಿ ನಿಂತಿತು, ಬೇಟೆ ನಿಲ್ಲಲಿಲ್ಲ. ಲೈಸೆನ್ಸ್ ಅಗ್ಗವಾಯಿತು, ಬೇಟೆಯ ಅವಧಿ ಉದ್ದವಾಯಿತು, ಕೂಗರ್‌ಗಳು ಧಾರಾಳವಾಗಿ ಸತ್ತವು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿ ನೋಡಿದಾಗ, ಹೆಚ್ಚು ಕೊಂದ ಕಡೆ ಮರುವರ್ಷ ದೂರು ಕಡಿಮೆಯಾಗಿರಲಿಲ್ಲ, ಏರಿತ್ತು. ಅವರು ಕೊಟ್ಟ ಕಾರಣ ಸರಳ: ನೆಲೆ ಕಾಯುತ್ತಿದ್ದ ಪ್ರಾಯದ ಗಂಡು ಸತ್ತರೆ ಆ ಜಾಗಕ್ಕೆ ಎಳೆಯ ಗಂಡುಗಳು ನುಗ್ಗುತ್ತವೆ, ಬೇಟೆ ಇನ್ನೂ ಕೈಗೆ ಹತ್ತದ ಅವು ಸುಲಭಕ್ಕೆ ಸಿಗುವ ಸಾಕುಪ್ರಾಣಿಗೆ ಬಾಯಿ ಹಾಕುತ್ತವೆ. ತೋಳದ ಬಗ್ಗೆ ಮರುವರ್ಷ ಬಂದ ಅಂಥದೇ ತೀರ್ಮಾನವನ್ನು ಬೇರೆ ಸಂಶೋಧಕರು ಅದೇ ಅಂಕಿಗಳನ್ನಿಟ್ಟುಕೊಂಡು 2016ರಲ್ಲಿ ಅಲ್ಲಗಳೆದರು ಎಂಬುದನ್ನೂ ಹೇಳಿಬಿಡಬೇಕು. ಆದ್ದರಿಂದ ಕೊಂದರೆ ನಷ್ಟ ಹೆಚ್ಚೇ ಆಗುತ್ತದೆ ಎಂದು ನಾನು ಆಣೆ ಇಡುವುದಿಲ್ಲ. ಆದರೆ ತೋಳ ಒಂಟಿ ಬೆಕ್ಕಲ್ಲ, ಸಂಸಾರಸ್ಥ ಪ್ರಾಣಿ. ಗಂಡು ಹೆಣ್ಣಿನ ಜೋಡಿಯಲ್ಲಿ ಒಂದು ಸತ್ತರೆ ಹಿಂಡು ಚದುರಬಹುದು. ಚದುರಿದ ಮರಿಗೆ ಚಿಗರಿ ಹಿಡಿಯಲು ಕಲಿಸುವವರಿಲ್ಲ, ಹಟ್ಟಿಯ ಮೇಕೆಗೆ ಕಲಿಕೆ ಬೇಕಿಲ್ಲ. ಇನ್ನು ಕೊಂದು ನೋಡಿದ್ದೂ ಆಗಿದೆ. ಬ್ರಿಟಿಷರ ಕಾಲದಲ್ಲಿ ತೋಳದ ತಲೆಗೆ ಇನಾಮು ಇತ್ತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದಂತೆ 1875ರಿಂದ 1925ರ ನಡುವೆ ದೇಶದಲ್ಲಿ ಸುಮಾರು 2 ಲಕ್ಷ ತೋಳಗಳು ಸತ್ತವು. ಇಂದು ಇಡೀ ದೇಶದಲ್ಲಿ ಉಳಿದಿರುವುದು ಸುಮಾರು 3,000. ಹಾಗಿದ್ದೂ ಕುರಿಗಾಹಿಯ ದೂರು ಉಳಿದಿದೆ ಎಂದರೆ ಸಂಖ್ಯೆ ತಗ್ಗಿಸುವುದೊಂದೇ ಪರಿಹಾರವಲ್ಲ ಎಂದಾಯಿತಲ್ಲ.

ಕಾನೂನಿನ ಮಾತು ಚಿಕ್ಕದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎನ್ನುವಾಗ ಕೊಲ್ಲುವುದನ್ನಷ್ಟೇ ಹೇಳುವುದಿಲ್ಲ. ಅಟ್ಟಿಸಿಕೊಂಡು ಹೋಗುವುದು, ಉರುಳು ಒಡ್ಡುವುದು, ವಿಷ ಇಡುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. ತೋಳ ಮೊದಲನೇ ಪರಿಶಿಷ್ಟದಲ್ಲಿದೆ. ಮನುಷ್ಯನ ಜೀವಕ್ಕೆ ಅಪಾಯವಾದಾಗ ಅಥವಾ ಪ್ರಾಣಿ ಗುಣವಾಗದಷ್ಟು ರೋಗಕ್ಕೋ ಊನಕ್ಕೋ ಸಿಕ್ಕಾಗ ಮಾತ್ರ, ಅದೂ ಹಿಡಿಯಲು ಸಾಗಿಸಲು ಆಗದೆಂದು ಕಂಡುಬಂದಾಗ, ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು ಕೊಲ್ಲಲು ಅನುಮತಿ ಕೊಡಬಹುದು. ಜಿಲ್ಲೆಯ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ಸಿಗುವ ಪರವಾನಗಿ ಇದಲ್ಲ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ: ಕುರಿ ಕೊಂದದ್ದು ಯಾರು? ಬೆಳಗ್ಗೆ ಹೊಲದಲ್ಲಿ ಹರಿದು ಬಿದ್ದ ಕುರಿ ಕಂಡರೆ ಬಾಯಿಗೆ ಬರುವುದು ತೋಳದ ಹೆಸರು. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಬೀದಿನಾಯಿಗಳೇ 1.53 ಕೋಟಿ. ಕೋಳಿ ಅಂಗಡಿಯ ತ್ಯಾಜ್ಯ, ಊರ ಹೊರಗೆ ಎಸೆದ ಸತ್ತ ದನ ತಿಂದು ಕೊಬ್ಬಿದ ನಾಯಿಗಳು ಗುಂಪು ಕಟ್ಟಿಕೊಂಡು ಗಾಯರಾಣಕ್ಕೆ ಇಳಿದರೆ ಮಾಡುವುದೂ ತೋಳದ ಕೆಲಸವನ್ನೇ. ಹಲ್ಲಿನ ಗುರುತನ್ನು ಬಿಡಿಸಿ ನೋಡುವವರು ಯಾರೂ ಇಲ್ಲದಿದ್ದರೆ ಲೆಕ್ಕವೆಲ್ಲ ತೋಳದ ಖಾತೆಗೆ ಬೀಳುತ್ತದೆ. ಇಷ್ಟು ಸಾಲದೆಂಬಂತೆ ನಾಯಿಯಿಂದ ತೋಳಕ್ಕೆ ಹುಚ್ಚುರೋಗ, ಡಿಸ್ಟೆಂಪರ್ ಅಂಟುತ್ತವೆ. ಹುಚ್ಚು ಹಿಡಿದ ತೋಳ ಊರೊಳಗೆ ನುಗ್ಗಿ ಕಚ್ಚುತ್ತದೆ. ಪುಣೆ ಸುತ್ತಿನ ಬಯಲಿನಲ್ಲಿ ತೋಳ ಮತ್ತು ನಾಯಿಯ ಬೆರಕೆ ಹುಟ್ಟಿರುವುದು 2023ರಲ್ಲಿ ವಂಶವಾಹಿ ಪರೀಕ್ಷೆಯಿಂದ ದೃಢಪಟ್ಟಿದೆ. ಇಂಥ ಹೊತ್ತಿನಲ್ಲಿ ತೋಳದ ಮೇಲೆ ಇನ್ನಷ್ಟು ನಾಯಿ ಬಿಡಿ ಎನ್ನುವುದು ಬೆಂಕಿ ಆರಿಸಲು ಎಣ್ಣೆ ತಂದಂತೆ.

ಆಕ್ಷೇಪಗಳಿವೆ, ಹಗುರವಾದವೂ ಅಲ್ಲ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ದು ಕೊಂದವು. ನಾಳೆ ಇಲ್ಲಿ ಆಗದೆನ್ನುವ ಭರವಸೆ ಏನು ಎಂದು ಕೇಳುವವರಿದ್ದಾರೆ. ಮನುಷ್ಯನ ಮೇಲೆ ಬಿದ್ದ ತೋಳವನ್ನು ಹಿಡಿಯಬೇಕು, ಹಿಡಿಯಲಾಗದಿದ್ದರೆ ಹೊಡೆಯಬೇಕು; ಕಾಯ್ದೆ ಅದಕ್ಕೆ ದಾರಿ ಇಟ್ಟಿದೆ, ನನ್ನ ತಕರಾರಿಲ್ಲ. ಆದರೆ ಅಲ್ಲಿ ಮಾಡಿದ್ದು ಗುರುತು ಹಿಡಿದು, ಡ್ರೋನ್ ಹಾರಿಸಿ, ಬೋನು ಇಟ್ಟು ಮಾಡಿದ ಕೆಲಸ. ಮಾಧವ ಗಾಡ್ಗೀಳರಂಥ ಪರಿಸರ ವಿಜ್ಞಾನಿಯೇ ಲೈಸೆನ್ಸ್ ಬೇಟೆಯನ್ನು ಬೆಂಬಲಿಸಿದ್ದರಲ್ಲ ಎಂಬುದು ಇನ್ನೊಂದು ಮಾತು. ನಿಜ, ಆದರೆ ಅವರ ವಾದದ ಕೇಂದ್ರದಲ್ಲಿದ್ದದ್ದು ಬೆಳೆ ತಿನ್ನುವ ಕಾಡುಹಂದಿಯಂಥ, ಬೇಗ ಬೇಗ ಮರಿ ಹಾಕಿ ಹೆಚ್ಚುವ ಪ್ರಾಣಿ. ಆ ಚರ್ಚೆಗೆ ನಾನು ತೆರೆದುಕೊಂಡಿದ್ದೇನೆ. ಸೋಯಾ, ತೊಗರಿ, ಕಡಲೆ ಹೊಲದಲ್ಲಿ ಹಂದಿ ಮಾಡುವ ಲೂಟಿಗೆ ಅನುಕಂಪದ ಮಾತಷ್ಟೇ ಉತ್ತರವಲ್ಲ. ಆದರೆ ವರ್ಷಕ್ಕೊಮ್ಮೆ ಮರಿ ಹಾಕುವ, ದೇಶದಲ್ಲಿ 3,000 ಉಳಿದಿರುವ ಪ್ರಾಣಿಗೆ ಹಂದಿಯ ಲೆಕ್ಕ ಹಾಕಲಾಗದು. ಹಾಗೆಯೇ ತೋಳ ಉಳಿದರೆ ಹಂದಿ, ಚಿಗರಿಯ ಕಾಟ ತಾನಾಗಿ ತೀರುತ್ತದೆ ಎನ್ನುವ ತೋಳಪ್ರಿಯರ ಮಾತೂ ಉತ್ಪ್ರೇಕ್ಷೆಯೇ. ಚಿಗರಿಯ ಮರಿಗಳನ್ನು ತೋಳ ಹಿಡಿಯುತ್ತದೆ, ಅಷ್ಟು ಮಟ್ಟಿಗೆ ರೈತನ ಕಡೆಗಿದೆ. ಅದಕ್ಕಿಂತ ಹೆಚ್ಚಿನದನ್ನು ಅದರ ತಲೆಗೆ ಕಟ್ಟುವುದು ಬೇಡ.

ಹಾಗಾದರೆ ಕುರಿಗಾಹಿ ಏನು ಮಾಡಬೇಕು? ನಾಯಿಯನ್ನೇ ನಂಬಲಿ, ಆದರೆ ಅಟ್ಟಿಸುವ ನಾಯಿಯನ್ನಲ್ಲ, ಕಾಯುವ ನಾಯಿಯನ್ನು. ಹಿಮಾಚಲದ ಗದ್ದಿ ಕುರಿಗಾಹಿಗಳು ತಮ್ಮ ನಾಯಿಗಳ ಕೊರಳಿಗೆ ಕಬ್ಬಿಣದ ಮುಳ್ಳುಪಟ್ಟಿ ಕಟ್ಟಿ ಚಿರತೆಯ ಎದುರೇ ಹಿಂಡು ಕಾಯಿಸುತ್ತಾರೆ. ಮುಧೋಳ ನಾಯಿಯ ತಳಿ ಕಾಪಾಡುವ ತಿಮ್ಮಾಪುರದ ಕೇಂದ್ರ ನಡೆಯುವುದು ನಮ್ಮ ಬೀದರ್‌ನಲ್ಲೇ ಮುಖ್ಯ ಕಚೇರಿ ಇರುವ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಆಶ್ರಯದಲ್ಲಿ. ಓಟದ ನಾಯಿಗೆ ಇಷ್ಟು ಮಾಡಿದ ಸಂಸ್ಥೆ ಹಟ್ಟಿ ಕಾಯುವ ನಾಡನಾಯಿಗೂ ಸ್ವಲ್ಪ ಗಮನ ಕೊಡಬಾರದೇ? ಸತ್ತ ಕುರಿಯ ಪರಿಹಾರಧನದ ಮಾತೂ ಹಾಗೆಯೇ. ಫೋಟೊ, ಮಹಜರು, ಪಶುವೈದ್ಯರ ಪ್ರಮಾಣಪತ್ರ ಎಲ್ಲ ಕೂಡಿಬರುವವರೆಗೆ ಅಲೆಮಾರಿ ಹಿಂಡು ಒಂದೇ ಹೊಲದಲ್ಲಿ ಕಾದು ಕೂರುವುದಿಲ್ಲ. ಇಂದು ಔರಾದ ತಾಲ್ಲೂಕಿನಲ್ಲಿದ್ದದ್ದು ನಾಳೆ ಉದಗೀರ್, ದೇಗಲೂರಿನ ದಾರಿ ಹಿಡಿದಿರುತ್ತದೆ. ಸ್ಥಳದಲ್ಲೇ ಹಲ್ಲಿನ ಗುರುತು ನೋಡಿ ಬರೆದುಕೊಳ್ಳುವ ಅಧಿಕಾರ ಹತ್ತಿರದ ಪಶು ಆಸ್ಪತ್ರೆಗೆ ಸಿಕ್ಕರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ: ಕುರಿಗಾಹಿಗೆ ಹಣ ಬೇಗ ಸಿಗುತ್ತದೆ, ನಾಯಿ ತಿಂದದ್ದೆಷ್ಟು ತೋಳ ತಿಂದದ್ದೆಷ್ಟು ಎಂಬ ನಿಜವಾದ ಲೆಕ್ಕವೂ ಸಿಗುತ್ತದೆ.

ತೋಳಕ್ಕಾಗಿ 1974ರಲ್ಲೇ ಮೇಲುಕೋಟೆಯಲ್ಲಿ ಅಭಯಾರಣ್ಯ ಮಾಡಿದ ರಾಜ್ಯ ನಮ್ಮದು. ಈಚೆಗೆ ಗಂಗಾವತಿ ತಾಲ್ಲೂಕಿನ ಬಂಕಾಪುರಕ್ಕೂ ಆ ಭಾಗ್ಯ ಬಂದಿದೆ. ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಭಾಲ್ಕಿಯವರೇ. ಅವರಲ್ಲಿ ಕೇಳುವುದು ಇನ್ನೊಂದು ಅಭಯಾರಣ್ಯವನ್ನಲ್ಲ. ನಮ್ಮ ಬಯಲಿನ ತೋಳ ಮರಿ ಹಾಕುವುದು ಚಳಿಗಾಲದಲ್ಲಿ. ಗವಿಗೆ ಹೊಗೆ ಹಾಕಿ ಮರಿ ಕೊಲ್ಲುವುದೂ ಆಗಲೇ. ಅಷ್ಟರೊಳಗೆ ಔರಾದ, ಕಮಲನಗರ, ಭಾಲ್ಕಿ ತಾಲ್ಲೂಕುಗಳ ಪ್ರತಿ ಊರಿನ, ಪ್ರತಿ ಹಟ್ಟಿಯ ನಾಯಿಗಳಿಗೆ ಹುಚ್ಚುರೋಗದ ಲಸಿಕೆ ಹಾಕಿಸಲಿ, ಊರ ಹೊರಗೆ ಸತ್ತ ದನ ಎಸೆಯುವುದನ್ನು ಪಂಚಾಯತಿಗಳಿಂದ ನಿಲ್ಲಿಸಲಿ.

ಇಂತು,
ಒಬ್ಬ ಓದುಗ
ಔರಾದ, ಬೀದರ್ ಜಿಲ್ಲೆ